ಕರೆಯೋಕೆ ಸಿಗ್ತಾರೆ, ಎಣಿಸೋಕೆ ಸಿಗೋದಿಲ್ಲ

ಸಾಹುಕಾರರ ಮನೆಯ ಕಕ್ಕಸುಗುಂಡಿ ಮಳೆಗಾಲದಲ್ಲಿ ತುಂಬಿ ಅಂಗಳಕ್ಕೆ ಉಕ್ಕಿತು ಅನ್ನಿ. ಅವರು ಯಾರನ್ನು ಕೇಳ್ತಾರೆ? ಜನಗಣತಿ ಇಲಾಖೆಯನ್ನು ಕೇಳ್ತಾರಾ? ಜಿಲ್ಲಾಧಿಕಾರಿಗೆ ಅರ್ಜಿ ಬರೀತಾರಾ? ಇಲ್ಲ ಸ್ವಾಮಿ. ಪುರಸಭೆಯ ಮೇಸ್ತ್ರಿಗೆ ಒಂದು ಫೋನು. ಮೇಸ್ತ್ರಿಯಿಂದ ಕೇರಿಗೆ ಇನ್ನೊಂದು ಫೋನು. ಅರ್ಧ ಗಂಟೆಯೊಳಗೆ ಇಬ್ಬರು ಹಿತ್ತಲ ಬಾಗಿಲಲ್ಲಿ ನಿಂತಿರ್ತಾರೆ. ಕೈಯಲ್ಲಿ ಬಕೆಟ್ಟು, ಹಗ್ಗ. ಹೊಟ್ಟೆಯಲ್ಲಿ ವಾಸನೆ ತಡೆಯೋಕೆ ಅಂತ ಸಾಹುಕಾರರೇ ಮೊದಲು ಕುಡಿಸಿದ ಅಗ್ಗದ ಹೆಂಡ. ಮುಂಬಾಗಿಲಿಂದ ಬರಬೇಡ ಅಂತ ಅವರಿಗೆ ಯಾರೂ ಹೇಳಬೇಕಾಗಿಲ್ಲ. ಹುಟ್ಟಿದಾಗಲೇ ಹೇಳಿ ಆಗಿದೆ.

ಮಾರನೇ ದಿನ ಅದೇ ಪುರಸಭೆಗೆ ಮೇಲಿನಿಂದ ಸುತ್ತೋಲೆ ಬರುತ್ತದೆ: ನಿಮ್ಮ ಊರಲ್ಲಿ ಕೈಯಿಂದ ಮಲ ಬಾಚುವವರು ಎಷ್ಟು ಮಂದಿ? ಅದೇ ಮೇಸ್ತ್ರಿ, ಅದೇ ಆರೋಗ್ಯ ನಿರೀಕ್ಷಕ, ಅದೇ ಮುಖ್ಯಾಧಿಕಾರಿ ಕೂತು ಉತ್ತರ ಬರೀತಾರೆ: ಸೊನ್ನೆ. ಕೇಳಿದರೆ, 'ಹುಡುಕಿದ್ವಿ ಕಣ್ರೀ, ಯಾರೂ ಸಿಗಲಿಲ್ಲ' ಅಂತಾರೆ. ಅವರನ್ನು ಪತ್ತೆ ಹಚ್ಚೋದು ಬಹಳ ಕಷ್ಟವಂತೆ. ಅದಕ್ಕೆ ತಜ್ಞರು ಬೇಕಂತೆ, ಹೊಸ ವಿಧಾನ ಬೇಕಂತೆ, ಮೊಬೈಲ್ ಆ್ಯಪ್ ಬೇಕಂತೆ.

ನಾನು ಹೇಳೋದು ಇಷ್ಟೇ. ಈ ಜನ ಸಿಗದವರಲ್ಲ. ಹೇಲು ಎತ್ತಿಸೋಕೆ ಸಿಗುವ ಮನುಷ್ಯ ಪರಿಹಾರ ಕೊಡೋಕೆ ಸಿಗೋದಿಲ್ಲ ಅಂದರೆ, ಹುಡುಕುವ ವಿಧಾನವನ್ನೇ ಸಿಗಬಾರದು ಅನ್ನೋ ಲೆಕ್ಕದಲ್ಲಿ ಕಟ್ಟಲಾಗಿದೆ ಅಂತ ಅರ್ಥ.

ಅಂಕಿ ಬೇಕು ಅನ್ನುವವರಿಗೆ ಅಂಕಿ ಕೊಡ್ತೀನಿ. 2011ರಲ್ಲಿ ನಡೆದ ಸಾಮಾಜಿಕ ಆರ್ಥಿಕ ಜಾತಿ ಗಣತಿ ದೇಶದ ಹಳ್ಳಿಗಾಡಿನಲ್ಲಿ ಮಲ ಬಾಚುವ ಕೆಲಸದಿಂದ ಬದುಕುವ ಕುಟುಂಬಗಳು 1 ಲಕ್ಷ 80 ಸಾವಿರಕ್ಕೂ ಹೆಚ್ಚು ಅಂತ ಹೇಳಿತು. ಕರ್ನಾಟಕದ ಪಾಲು 15,375 ಕುಟುಂಬ. ಇದು ಬರೀ ಹಳ್ಳಿಗಳದ್ದು, ಪಟ್ಟಣ ಸೇರಿಲ್ಲ. ಆಮೇಲೆ 2013ರ ಹೊಸ ಕಾಯಿದೆ ಬಂತು. ಗುರುತಿಸಿ, ಪುನರ್ವಸತಿ ಕೊಡಿ ಅಂತ ಅದು ಹೇಳಿತು. 2013ರಲ್ಲೊಂದು, 2018ರಲ್ಲೊಂದು ಸಮೀಕ್ಷೆ ಆಯಿತು. ಎರಡೂ ಸೇರಿ ಇಡೀ ದೇಶದಲ್ಲಿ ಸಿಕ್ಕವರು 58,098 ಮಂದಿ. ಕರ್ನಾಟಕದಲ್ಲಿ 2,927. ಗಮನಿಸಿ, ಮೊದಲಿನದು ಕುಟುಂಬಗಳ ಲೆಕ್ಕ, ಎರಡನೆಯದು ತಲೆಗಳ ಲೆಕ್ಕ. ಹದಿನೈದು ಸಾವಿರ ಮನೆಗಳಿಂದ ಮೂರು ಸಾವಿರ ತಲೆ ಹುಟ್ಟಿದ್ದು ಹೇಗೆ? ಉಳಿದವರೆಲ್ಲ ಕಂಪ್ಯೂಟರ್ ಎಂಜಿನಿಯರ್ ಆದರಾ? ಆಗಿದ್ದರೆ ನಾವು ಹೋಳಿಗೆ ಊಟ ಹಾಕಿಸ್ತಿದ್ವಿ.

ಇನ್ನೊಂದು ಅಂಕಿ ಇದೆ. ಸಿಕ್ಕವರಲ್ಲಿ ಜಾತಿ ವಿವರ ಇದ್ದ 43,797 ಮಂದಿಯಲ್ಲಿ 42,594 ಮಂದಿ ಪರಿಶಿಷ್ಟ ಜಾತಿಯವರು ಅಂತ 2021ರಲ್ಲಿ ಸರ್ಕಾರವೇ ಸಂಸತ್ತಿಗೆ ಹೇಳಿತು. ಜಾತಿ ಎಲ್ಲಿದೆ ತೋರಿಸಿ ಅಂತ ಸೆಮಿನಾರುಗಳಲ್ಲಿ ಕೇಳುವ ಮಹನೀಯರು ಈ ಸಾಲನ್ನು ಬರೆದಿಟ್ಟುಕೊಳ್ಳಲಿ. ನೂರಕ್ಕೆ ತೊಂಬತ್ತೇಳು. ಯಾವ ಅರ್ಚಕ ಹುದ್ದೆಯ ಮೀಸಲಾತಿಯೂ ಇಷ್ಟು ಕಟ್ಟುನಿಟ್ಟಾಗಿ ಇರಲಿಕ್ಕಿಲ್ಲ.

ಈಗ ಇವರು ಹುಡುಕುವ ವಿಧಾನ ನೋಡೋಣ. ಒಂದು ದಿನ ಗೊತ್ತು ಮಾಡಿ ಕಚೇರಿಯಲ್ಲಿ ಶಿಬಿರ ಅಂತಾರೆ. ಹೊತ್ತು ಬೆಳಿಗ್ಗೆ ಹನ್ನೊಂದು. ನಮ್ಮವರ ಕೆಲಸ ನಾಲ್ಕೂವರೆಗೆ ಶುರುವಾಗಿ, ಊರು ಕಣ್ಣು ಬಿಡೋ ಹೊತ್ತಿಗೆ ಮುಗಿದಿರುತ್ತದೆ. ಹನ್ನೊಂದಕ್ಕೆ ಅವರು ಇನ್ನೊಂದು ಕೂಲಿಯಲ್ಲಿ ಇರ್ತಾರೆ, ಇಲ್ಲಾ ಮೈತೊಳೆದು ಮಲಗಿರ್ತಾರೆ. ಶಿಬಿರಕ್ಕೆ ಬರೋದು ಅಂದರೆ ಆ ದಿನದ ಕೂಲಿ ಹೋಯಿತು. ಬಂದರೂ ಮೇಜಿನ ಆಚೆ ಕೂತಿರೋನು ಯಾರು? ಕಂತ್ರಾಟುದಾರನ ಜೊತೆ ಟೀ ಕುಡಿಯುವ ಅದೇ ನಿರೀಕ್ಷಕ. ಅವನ ಮುಂದೆ ನಿಂತು ಒಬ್ಬ ಹೆಂಗಸು, ನೂರು ಜನ ಕೇಳೋ ಹಾಗೆ, 'ನಾನು ಹೇಲು ಬಾಚುವವಳು' ಅಂತ ಹೇಳಬೇಕು. ಹೇಳಿದರೆ ಸಾಲದು, ಸಾಬೀತು ಮಾಡಬೇಕು. ಫೋಟೋ ತಾ, ಕೆಲಸ ಕೊಟ್ಟವರ ಚೀಟಿ ತಾ. ಕೆಲಸ ಕೊಟ್ಟವನು ಚೀಟಿ ಬರೆದರೆ ಕಾಯಿದೆ ಪ್ರಕಾರ ಅವನೇ ಜೈಲಿಗೆ ಹೋಗ್ತಾನೆ. ಯಾವ ಕಳ್ಳ ತಾನೇ ಕದ್ದೆ ಅಂತ ರಸೀದಿ ಕೊಟ್ಟಾನು?

ಮತ್ತೆ, ಕುಟುಂಬದ ಯಜಮಾನ ಯಾರು, ಅವನ ಉದ್ಯೋಗ ಏನು ಅಂತ ಕೇಳ್ತಾರೆ. ಗಂಡ ಆಟೋ ಓಡಿಸ್ತಾನೆ, ಗಾರೆ ಕೆಲಸ ಮಾಡ್ತಾನೆ. ಫಾರಮ್ಮಿನಲ್ಲಿ ಡ್ರೈವರ್ ಅಂತ ಬಿತ್ತು. ಹೆಂಡತಿ ಮುಂಜಾನೆ ಇಪ್ಪತ್ತು ಮನೆಯ ಕಕ್ಕಸು ಬಳಿದು ಬರ್ತಾಳೆ. ಅವಳು ಯಾವ ಕಲಮಿನಲ್ಲೂ ಇಲ್ಲ. ಒಣ ಕಕ್ಕಸು ಬಾಚುವವರಲ್ಲಿ ಬಹುಪಾಲು ಹೆಂಗಸರು. ಯಜಮಾನನನ್ನು ಕೇಳಿ ಹೆಂಗಸನ್ನು ಹುಡುಕುವ ಈ ಜಾಣತನ ಮನುಧರ್ಮದ್ದೇ ಹೊರತು ಯಾವ ಸಂಖ್ಯಾಶಾಸ್ತ್ರದ್ದೂ ಅಲ್ಲ.

2018ರಲ್ಲಿ 18 ರಾಜ್ಯಗಳ 170 ಜಿಲ್ಲೆಗಳಲ್ಲಿ ಇಂಥ ಶಿಬಿರ ನಡೆದಾಗ, ಇಷ್ಟೆಲ್ಲ ಅವಮಾನ ನುಂಗಿಕೊಂಡೂ ಎಂಬತ್ತು ಸಾವಿರಕ್ಕೂ ಮೀರಿ ಜನ ಬಂದು ಹೆಸರು ಬರೆಸಿದರು. ಆ ವರ್ಷ ರಾಜ್ಯ ಸರ್ಕಾರಗಳು ಒಪ್ಪಿಕೊಂಡದ್ದು ಅವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಯನ್ನು. ಬಿಹಾರ, ಹರಿಯಾಣ, ತೆಲಂಗಾಣ ಸರ್ಕಾರಗಳಂತೂ, ತಮ್ಮ ಮುಂದೆಯೇ ಜನ ಸಾಲು ನಿಂತಿದ್ದರೂ, ನಮ್ಮಲ್ಲಿ ಒಬ್ಬರೂ ಇಲ್ಲ ಅಂದುಬಿಟ್ಟವು. ಇಲ್ಲಿ ಹುಡುಕೋ ಮಾತೇ ಇಲ್ಲ, ನೋಡಿ. ಅವರಾಗಿಯೇ ಬಂದಿದ್ದರು. ಬಂದವರನ್ನು ಕಳೆದುಹಾಕುವ ವಿಧಾನ ಇದು.

ಸೊನ್ನೆ ಬರೆಯೋಕೆ ಇಷ್ಟು ಹಟ ಏಕೆ? ಒಂದು ಹೆಸರು ಒಪ್ಪಿಕೊಂಡರೆ ಒಂದು ಅಪರಾಧ ಒಪ್ಪಿಕೊಂಡ ಹಾಗೆ. ಮಲ ಬಾಚುವವಳು ಇದ್ದಾಳೆ ಅಂದರೆ ಬಾಚಿಸಿದವನು ಇದ್ದಾನೆ. 1993ರ ಕಾಯಿದೆಯೂ ಅವನನ್ನು ಅಪರಾಧಿ ಅಂದಿತು, 2013ರದ್ದೂ ಅಂದಿತು. ಬಾಚಿಸಿದವನು ಎಷ್ಟೋ ಕಡೆ ಪುರಸಭೆಯೇ. ಅಂದರೆ ಕಳ್ಳನ ಕೈಗೇ ಪಂಜು ಕೊಟ್ಟು, ಕಳ್ಳನನ್ನು ಹುಡುಕು ಅಂದ ಹಾಗಾಯಿತು. 2023ರ ಹೊತ್ತಿಗೆ ದೇಶದ 766 ಜಿಲ್ಲೆಗಳಲ್ಲಿ 500ಕ್ಕೂ ಹೆಚ್ಚು ಜಿಲ್ಲೆಗಳು ತಮ್ಮನ್ನು ತಾವೇ ಮುಕ್ತ ಅಂತ ಸಾರಿಕೊಂಡಿದ್ದವು. ತಾವೇ ಪರೀಕ್ಷೆ ಬರೆದು ತಾವೇ ತಿದ್ದಿಕೊಂಡು ಫಸ್ಟ್ ಕ್ಲಾಸ್ ಪಾಸಾದವರು!

ನಮ್ಮ ರಾಜ್ಯಕ್ಕೆ ಈ ವಿದ್ಯೆ ಹಳೆಯದು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ದೇಶದಲ್ಲೇ ಮುಂಚೂಣಿಯ ಹೆಜ್ಜೆ ಅದು. 1973ರಲ್ಲಿ ಅವರು ಆಡಿದ 'ಬೂಸಾ' ಮಾತನ್ನು ಇಂದಿಗೂ ಮೆಲುಕು ಹಾಕುವ ಸಾಹಿತ್ಯಾಭಿಮಾನಿಗಳಿಗೆ ಈ ಕೆಲಸ ಮಾತ್ರ ನೆನಪಿಗೆ ಬರೋದಿಲ್ಲ. ಇರಲಿ. ಆದರೆ ಆ ಆಜ್ಞೆಯನ್ನು ಆಳುವ ಮಂದಿ ಹೇಗೆ ತಿರುಚಿಕೊಂಡರು ಅಂದರೆ, ನಿಷೇಧ ಆಗಿದೆ, ಆದ್ದರಿಂದ ಹೊರುವವರು ಇಲ್ಲ, ಆದ್ದರಿಂದ ಹುಡುಕಬೇಕಾಗಿಲ್ಲ. ಕಾಗದದ ಮೇಲೆ ಬುಟ್ಟಿ ಇಳಿಯಿತು, ತಲೆಯ ಮೇಲೆ ಉಳಿಯಿತು.

2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬದವರು, ತಮ್ಮ ಜಾಗದಿಂದ ಒಕ್ಕಲೆಬ್ಬಿಸುವುದರ ವಿರುದ್ಧ, ಪುರಸಭೆಯ ಎದುರಿಗೆ ನಿಂತು ಮಲವನ್ನು ತಮ್ಮ ಮೈಮೇಲೆ ತಾವೇ ಸುರಿದುಕೊಂಡರು. ಆವತ್ತು ಅವರು ಎಲ್ಲರಿಗೂ ಸಿಕ್ಕರು. ಕ್ಯಾಮೆರಾಗಳಿಗೆ ಸಿಕ್ಕರು, ಮಂತ್ರಿಗಳಿಗೆ ಸಿಕ್ಕರು, ಮಠಾಧೀಶರಿಗೂ ಸಾಹಿತಿಗಳಿಗೂ ಸಿಕ್ಕರು. ತಲೆಮಾರುಗಳಿಂದ ಆ ಊರಿನ ಕಕ್ಕಸು ಬಾಚುತ್ತಿದ್ದಾಗ ಕಾಣದವರು, ಬಾಚಿದ್ದನ್ನು ಮೈಗೆ ಬಳಿದುಕೊಂಡ ಮೇಲೆ ಕಂಡರು. ಇದೂ ಒಂದು ಪತ್ತೆ ವಿಧಾನ ಅಂತ ಸರ್ಕಾರದ ಕೈಪಿಡಿಯಲ್ಲಿ ಸೇರಿಸಿಕೊಳ್ಳಲಿ.

ಕಣ್ಣೆದುರಿನವರನ್ನು ಮಾಯ ಮಾಡೋಕೆ ಶಿಬಿರವೊಂದೇ ದಾರಿಯಲ್ಲ, ಮಾತಿನಲ್ಲೂ ಮಾಯ ಮಾಡಬಹುದು. 2013ರ ಕಾಯಿದೆಯನ್ನು ಬಿಡಿಸಿ ಓದಿ. ಮಲ ಬಾಚುವವರು ಅಂದರೆ ಯಾರು ಅನ್ನುವುದಕ್ಕೆ ವ್ಯಾಖ್ಯೆ ಇದೆ. ಒಣ ಕಕ್ಕಸು, ತೆರೆದ ಚರಂಡಿ, ಗುಂಡಿ, ರೈಲು ಹಳಿ ಎಲ್ಲ ಬರುತ್ತವೆ. ಕೆಳಗೆ ಒಂದು ವಿವರಣೆ: ಸರ್ಕಾರ ಹೇಳಿದ ಸಾಧನ, ರಕ್ಷಣಾ ಉಡುಪು ಕೊಟ್ಟು ಮಾಡಿಸಿದರೆ ಅವನು ಆ ಲೆಕ್ಕಕ್ಕೆ ಬರೋದಿಲ್ಲ. ಅಂದರೆ ಕೈಗೊಂದು ಗವುಸು ಹಾಕಿದರೆ ಮನುಷ್ಯ ಪಟ್ಟಿಯಿಂದ ಮಾಯ. ಇನ್ನು ಮ್ಯಾನ್‌ಹೋಲು, ಸೆಪ್ಟಿಕ್ ಟ್ಯಾಂಕಿಗೆ ಇಳಿಯುವವನಿಗೆ ಬೇರೆಯದೇ ಹೆಸರು. ಅದು 'ಅಪಾಯಕಾರಿ ಶುಚಿಗೊಳಿಸುವಿಕೆ'. ಅವನು ಕುತ್ತಿಗೆವರೆಗೆ ಹೇಲಿನಲ್ಲಿ ನಿಂತಿದ್ದರೂ ಮಲ ಬಾಚುವವನಲ್ಲ. ಈ ಎರಡು ಹೆಸರುಗಳ ಕರಾಮತ್ತು ಏನು ಅಂತ ಕೇಳಿ. 2021ರ ಫೆಬ್ರವರಿಯಲ್ಲಿ ಲೋಕಸಭೆಗೆ ಸರ್ಕಾರ ಹೇಳಿತು: 2020ರ ಡಿಸೆಂಬರ್‌ಗೆ ಮುಗಿದ ಐದು ವರ್ಷಗಳಲ್ಲಿ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಶುಚಿ ಮಾಡುವಾಗ 340 ಮಂದಿ ಸತ್ತರು. ಅದೇ ವರ್ಷದ ಜುಲೈನಲ್ಲಿ ರಾಜ್ಯಸಭೆಗೆ ಅದೇ ಸರ್ಕಾರ ಹೇಳಿತು: ಕೈಯಿಂದ ಮಲ ಬಾಚುವ ಕೆಲಸದಿಂದ ಸಾವು ವರದಿಯಾಗಿಲ್ಲ. ಎರಡೂ ಕಾನೂನಿನ ಭಾಷೆಯಲ್ಲಿ ನಿಜವಂತೆ. 340 ಹೆಣಗಳನ್ನು ಒಂದು ಶಬ್ದದ ಹಿಂದೆ ಅಡಗಿಸಿಡಬಹುದು ಅನ್ನುವುದನ್ನು ಪಂಡಿತರು ನಮಗೆ ಕಲಿಸಿದರು. 2023ರಲ್ಲಿ ಈ ಟ್ಯಾಂಕಿಗೆ ಇಳಿಯುವವರ ವಿವರ ಬರೆದುಕೊಳ್ಳಲು ಹೊಸ ಯೋಜನೆ ತಂದರು. ಅದರ ಹೆಸರು 'ನಮಸ್ತೆ'. ಮುಟ್ಟದೆ ದೂರದಿಂದಲೇ ಕೈ ಮುಗಿಯುವ ಪದ್ಧತಿಗೆ ತಕ್ಕ ಹೆಸರೇ ಸರಿ.

ಹಾಗಾದರೆ ಹುಡುಕೋದು ಹೇಗೆ? ಬೈದು ಸುಮ್ಮನಾಗೋದಕ್ಕೆ ಈ ಲೇಖನ ಬರೀತಿಲ್ಲ. ವಿಧಾನಗಳಿವೆ, ನಮ್ಮವರೇ ಮಾಡಿ ತೋರಿಸಿದ್ದಾರೆ.

ಕೋಲಾರದ ಚಿನ್ನದ ಗಣಿ ಊರಲ್ಲಿ, ಮಲ ಹೊರುವ ಕುಟುಂಬದಲ್ಲೇ ಹುಟ್ಟಿದ ಬೆಜವಾಡ ವಿಲ್ಸನ್ ಹಿಡಿದ ದಾರಿ ನೋಡಿ. ಅವರೂ ಸಂಗಾತಿಗಳೂ ಕಟ್ಟಿದ ಸಫಾಯಿ ಕರ್ಮಚಾರಿ ಆಂದೋಲನ ಮನುಷ್ಯರ ಜೊತೆಗೆ ಕಕ್ಕಸುಗಳನ್ನೂ ಹುಡುಕಿತು. ಕ್ಯಾಮೆರಾ ಹಿಡಿದು, ಊರೂರಿನ ಒಣ ಕಕ್ಕಸುಗಳ ಫೋಟೋ ತೆಗೆದು, ಬಾಚುವವರ ಹೆಸರು ಸಮೇತ ಲೆಕ್ಕ ಇಟ್ಟು, 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ರಾಜ್ಯಗಳು ನಮ್ಮಲ್ಲಿಲ್ಲ ಅಂತ ಪ್ರಮಾಣಪತ್ರ ಹಾಕಿದಾಗ ಫೋಟೋಗಳು ಅವುಗಳ ಬಾಯಿ ಮುಚ್ಚಿಸಿದವು. ಮೊಕದ್ದಮೆ ಹನ್ನೊಂದನೇ ವರ್ಷಕ್ಕೆ, 2014ರ ಮಾರ್ಚ್ 27ರಂದು ತೀರ್ಮಾನವಾಯಿತು.

ಇದರಲ್ಲಿ ಬಹಳ ದೊಡ್ಡ ಪಾಠ ಇದೆ. ಮನುಷ್ಯ ಹೆದರುತ್ತಾನೆ, ನಾಚುತ್ತಾನೆ, ಮಗಳ ಮದುವೆ ತಪ್ಪೀತು ಅಂತ ಸುಳ್ಳು ಹೇಳುತ್ತಾನೆ. ಕಕ್ಕಸು ಹೆದರೋದಿಲ್ಲ. ನೀರಿಲ್ಲದ, ಗುಂಡಿಯಿಲ್ಲದ ಕಕ್ಕಸು ಮಧ್ಯಾಹ್ನದ ಹೊತ್ತಿಗೆ ಚೊಕ್ಕಟವಾಗಿದ್ದರೆ ಯಾರೋ ಬಾಚಿದ್ದಾರೆ ಅಂತಲೇ ಅರ್ಥ. 2011ರ ಜನಗಣತಿ ಕೂಡ ಮನುಷ್ಯರನ್ನು ಬಿಟ್ಟು ಮನೆಗಳನ್ನು ಕೇಳಿತು, ನಿಮ್ಮ ಕಕ್ಕಸಿನದು ಎಲ್ಲಿಗೆ ಹೋಗುತ್ತದೆ ಅಂತ. ಮನುಷ್ಯರು ಎತ್ತುತ್ತಾರೆ ಅಂತ ದೇಶದಲ್ಲಿ 7,94,390 ಕಕ್ಕಸುಗಳ ಲೆಕ್ಕ ಬಂತು. ಆ ಹಿತ್ತಲುಗಳಲ್ಲಿ ಒಂದು ಮುಂಜಾನೆ ಐದಕ್ಕೆ ನಿಂತಿದ್ದರೆ ಸಾಕಿತ್ತು. ಒಬ್ಬಳೇ ಇಪ್ಪತ್ತು ಮೂವತ್ತು ಮನೆ ಮಾಡುವುದರಿಂದ ಕಕ್ಕಸಿನ ಲೆಕ್ಕವೇ ಜನರ ಲೆಕ್ಕ ಆಗೋದಿಲ್ಲ, ಅದು ನನಗೂ ಗೊತ್ತು. ಆದರೆ ಕಕ್ಕಸು ಹಿಡಿದರೆ ಅವಳು ಸಿಗ್ತಾಳೆ.

ಅವಳು ಸಿಕ್ಕ ಮೇಲೆ ಕೆಲಸ ಹಗುರ. ಪಕ್ಕದ ಬೀದಿ ಯಾರದು ಅಂತ ಅವಳಿಗೆ ಗೊತ್ತು. ಯಾಕಂದರೆ ಬೀದಿಗಳು ಹಂಚಿಕೆಯಾಗಿವೆ, ಅತ್ತೆಯಿಂದ ಸೊಸೆಗೆ ಬಳುವಳಿಯಾಗಿ ಬಂದಿವೆ. ಅವಳು ಇಬ್ಬರನ್ನು ತೋರಿಸ್ತಾಳೆ, ಆ ಇಬ್ಬರು ನಾಲ್ವರನ್ನು ತೋರಿಸ್ತಾರೆ. ವಿಶ್ವವಿದ್ಯಾಲಯದವರು ಇದಕ್ಕೆ ಹಿಮದುಂಡೆ ವಿಧಾನ ಅಂತಾರೆ. ಹಿಮ ಕಾಣದ ನಮ್ಮ ಕೇರಿಗಳಿಗೆ ಇದು ಮೊದಲಿಂದಲೂ ಗೊತ್ತು. ಕೇರಿಯಲ್ಲಿ ಸಾವಿನ ಸುದ್ದಿ ಮುಟ್ಟಿಸುವುದು ಹೀಗೇ ಅಲ್ಲವೆ? ಒಂದೇ ಷರತ್ತು, ಕೇಳಲು ಹೋಗುವವರು ಅವರದೇ ಕೆಲಸದವರಾಗಿರಬೇಕು, ಹೆಂಗಸರ ಹತ್ತಿರ ಹೆಂಗಸರೇ ಹೋಗಬೇಕು. ಜೀಪಿನಲ್ಲಿ ಇಳಿದವನಿಗೆ ಅವರು ಯಾವತ್ತೂ ನಿಜ ಹೇಳೋದಿಲ್ಲ, ಹೇಳಬೇಕಾಗಿಯೂ ಇಲ್ಲ.

ಇಷ್ಟಾದರೂ ತಪ್ಪಿಹೋದವರು ಎಷ್ಟು ಅಂತ ತಿಳಿಯೋದು ಹೇಗೆ? ಅದಕ್ಕೂ ಲೆಕ್ಕ ಇದೆ. ಕೆರೆಯಲ್ಲಿ ಮೀನೆಷ್ಟು ಅಂತ ತಿಳಿಯೋಕೆ ಒಂದಿಷ್ಟು ಮೀನು ಹಿಡಿದು, ಗುರುತು ಹಾಕಿ ಬಿಟ್ಟು, ಮತ್ತೊಂದು ದಿನ ಬಲೆ ಬೀಸಿ, ಅದರಲ್ಲಿ ಗುರುತಿನ ಮೀನೆಷ್ಟು ಅಂತ ನೋಡ್ತಾರೆ. ಅದನ್ನೇ ಪಟ್ಟಿಗಳ ಮೇಲೆ ಮಾಡಬಹುದು. ಒಂದು ಊರು ತೊಗೊಳ್ಳಿ. ಕಕ್ಕಸುಗಳ ಹಿಂದೆ ಹೋಗಿ ಬರೆದ ಪಟ್ಟಿಯಲ್ಲಿ 60 ಹೆಸರು. ಬೇರೆಯದೇ ಗುಂಪು, ಈ ಪಟ್ಟಿ ನೋಡದೆ, ಕೇರಿಯ ಮನೆಮನೆ ತಿರುಗಿ ಬರೆದದ್ದರಲ್ಲಿ 50. ಎರಡರಲ್ಲೂ ಇರುವವರು 20. ಅಂದರೆ ಎರಡನೆಯ ಬಲೆಗೆ ಬಿದ್ದ ಐವತ್ತರಲ್ಲಿ ಮೊದಲಿನ ಬಲೆ ಹಿಡಿದಿದ್ದು ಐದರಲ್ಲಿ ಎರಡು ಪಾಲು ಮಾತ್ರ. ಹಾಗಿದ್ದರೆ ಆ 60 ಕೂಡ ಇಡೀ ಊರಿನ ಐದರಲ್ಲಿ ಎರಡು ಪಾಲು. ಊರಿನಲ್ಲಿ ಇರುವವರು ಅಂದಾಜು 150. ನಾವು ಕಂಡದ್ದು ಎರಡೂ ಸೇರಿ 90. ಇನ್ನೂ 60 ಮಂದಿ ಯಾರ ಕಣ್ಣಿಗೂ ಬಿದ್ದಿಲ್ಲ. ಏಳನೇ ಕ್ಲಾಸಿನ ಗುಣಾಕಾರ ಭಾಗಾಕಾರ ಸಾಕು ಇದಕ್ಕೆ. ಒಂದು ಎಚ್ಚರ ಬೇಕು. ಎರಡು ಪಟ್ಟಿ ನಿಜವಾಗಿ ಬೇರೆಬೇರೆ ಆಗಿರಬೇಕು. ಒಬ್ಬನೇ ನಿರೀಕ್ಷಕ ಎರಡು ಸಲ ಒಂದೇ ಶಿಬಿರದಲ್ಲಿ ಕೂತು ಬರೆದರೆ ಅದೇ ಹೆಸರು ಮತ್ತೆ ಬಂದು, ಎಲ್ಲರೂ ಸಿಕ್ಕಿಬಿಟ್ಟರು ಅನ್ನೋ ಭ್ರಮೆ ಹುಟ್ಟುತ್ತದೆ. ಸರ್ಕಾರಕ್ಕೆ ಬೇಕಾದದ್ದು ಆ ಭ್ರಮೆಯೇ.

ಸತ್ತವರನ್ನು ಹುಡುಕೋದು ಇನ್ನೂ ಕಷ್ಟ. 1993ರಿಂದ ಈಚೆಗೆ ಒಳಚರಂಡಿ, ಟ್ಯಾಂಕುಗಳಲ್ಲಿ ಸತ್ತ ಎಲ್ಲರ ಕುಟುಂಬಗಳನ್ನು ಗುರುತಿಸಿ ತಲಾ 10 ಲಕ್ಷ ಕೊಡಿ ಅಂತ 2014ರ ತೀರ್ಪು ಹೇಳಿತು. 2023ರ ಅಕ್ಟೋಬರ್ 20ರ ಇನ್ನೊಂದು ತೀರ್ಪು ಅದನ್ನು 30 ಲಕ್ಷಕ್ಕೆ ಏರಿಸಿತು. ಆದರೆ ಪೊಲೀಸ್ ಕಾಗದದಲ್ಲಿ ಅವನು ಹೇಗೆ ಸತ್ತ? ಕಾಲು ಜಾರಿ ಬಿದ್ದ. ಆಕಸ್ಮಿಕ. ಕೂಲಿ ಕಾರ್ಮಿಕ. ಹೇಲಿನ ಮಾತೇ ಇಲ್ಲ. ಕಂತ್ರಾಟುದಾರ ಹೆಂಡತಿಯ ಕೈಗೆ ಒಂದಿಷ್ಟು ದುಡ್ಡಿಟ್ಟು, ಹೆಣವನ್ನು ರಾತ್ರೋರಾತ್ರಿ ದೂರದ ಊರಿಗೆ ಸಾಗಿಸಿರ್ತಾನೆ. ಇವರನ್ನು ಹುಡುಕಬೇಕಾದರೆ ಹಳೇ ಪತ್ರಿಕೆಗಳ ಒಳಪುಟದ ನಾಲ್ಕು ಸಾಲಿನ ಸುದ್ದಿ ಓದಬೇಕು. ಉಸಿರುಕಟ್ಟಿ ಸತ್ತವರು ಇಬ್ಬರು ಮೂವರು ಒಟ್ಟಿಗೆ ಇದ್ದಾರಾ ಅಂತ ಶವಾಗಾರದ ರಿಜಿಸ್ಟರಿನಲ್ಲಿ ನೋಡಬೇಕು. ಒಬ್ಬನನ್ನು ಎಳೆಯೋಕೆ ಇನ್ನೊಬ್ಬ ಇಳಿದಿರ್ತಾನೆ, ಆ ಗಾಳಿಯ ಸಾವು ಸಾಮಾನ್ಯವಾಗಿ ಒಂಟಿಯಾಗಿ ಬರೋದಿಲ್ಲ. ಅಗ್ನಿಶಾಮಕದವರ ಪುಸ್ತಕ ಕೇಳಬೇಕು, ಹೆಣ ಎತ್ತಲು ಕರೆಸಿರೋದು ಅವರನ್ನೇ. ಈ ಮೂರನ್ನೂ ತಾಳೆ ಹಾಕಿದರೆ 'ಕಾಲು ಜಾರಿದವನು' ನಿಜವಾಗಿ ಎಲ್ಲಿಗೆ ಇಳಿದಿದ್ದ ಅನ್ನೋದು ಹೊರಬೀಳುತ್ತದೆ.

ನಮ್ಮೊಳಗಿನಿಂದಲೇ ಒಂದು ಪ್ರಶ್ನೆ ಬರುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಹೆಸರು ಯಾಕೆ ಬರೆಸಬೇಕು? ಕಸುಬು ಬಿಟ್ಟು, ಬೇರೆ ಬಡಾವಣೆಯಲ್ಲಿ ಜಾತಿ ಹೇಳದೆ ಮನೆ ಬಾಡಿಗೆ ಹಿಡಿದು, ಮಕ್ಕಳನ್ನು ಓದಿಸುತ್ತಿರುವವಳ ಹಣೆಗೆ ಮತ್ತೆ ಆ ಮುದ್ರೆ ಒತ್ತಬೇಕೆ? ಪಟ್ಟಿ ಗೋಡೆಗೆ ಅಂಟಿಸಿದರೆ ನಾಳೆ ಮಾಲೀಕ ಮನೆ ಖಾಲಿ ಮಾಡು ಅಂತಾನೆ. ಈ ಭಯ ನೂರಕ್ಕೆ ನೂರು ನ್ಯಾಯವಾದದ್ದು. ಅಡಗಿಕೊಳ್ಳುವುದೂ ಅವಳ ಹಕ್ಕು. ಅದಕ್ಕೇ ಹೇಳೋದು, ಮೊದಲ ಪಟ್ಟಿ ಕೇರಿಯ ಸಂಘದ ಪೆಟ್ಟಿಗೆಯಲ್ಲಿ ಇರಬೇಕು, ಪುರಸಭೆಯ ಗೋಡೆಯ ಮೇಲಲ್ಲ. ಹೆಸರು ಕೊಡೋದು ಬಿಡೋದು ಅವಳಿಗೆ ಬಿಟ್ಟದ್ದು. ಕಕ್ಕಸಿನ ಪಟ್ಟಿ, ಕಕ್ಕಸಿನ ಯಜಮಾನನ ಹೆಸರು, ಕಂತ್ರಾಟುದಾರನ ಹೆಸರು, ಬಿಲ್ಲು ಪಾಸು ಮಾಡಿದ ಅಧಿಕಾರಿಯ ಹುದ್ದೆ, ಇವನ್ನು ಮಾತ್ರ ದೊಡ್ಡ ಅಕ್ಷರದಲ್ಲಿ ಬರೆದು ಬಸ್ ಸ್ಟ್ಯಾಂಡಿನಲ್ಲಿ ಅಂಟಿಸಬಹುದು. ಇಷ್ಟು ಕಾಲ ನಾಚಿಕೆಯನ್ನು ಬಾಚಿದವಳ ತಲೆಗೇ ಕಟ್ಟಿದ್ದರು. ಬಾಚಿಸಿದವನ ಬಾಗಿಲಿಗೂ ಒಂದಿಷ್ಟು ಹೋಗಲಿ.

ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ಒಂದು ಮಾತು. ಸಮೀಕ್ಷೆ ಮತ್ತೆ ಯಾವಾಗ ಬರುತ್ತದೋ ಅಂತ ಕಾಯಬೇಡಿ. 2013ರ ಕಾಯಿದೆಯ 12ನೇ ಕಲಮಿನ ಪ್ರಕಾರ ಪಟ್ಟಣದ ಯಾವ ಮಲ ಬಾಚುವವರಾದರೂ ಸಮೀಕ್ಷೆ ನಡೆಯುವಾಗ ಮಾತ್ರವಲ್ಲ, ಯಾವಾಗ ಬೇಕಾದರೂ ತಾವೇ ಅರ್ಜಿ ಕೊಡಬಹುದು. ಸಮೀಕ್ಷೆ ಇಲ್ಲದ ಕಾಲದಲ್ಲಿ ಅರ್ಜಿ ಬಂದರೆ 15 ದಿನದೊಳಗೆ ವಿಚಾರಣೆ ಮಾಡಬೇಕು. ಹಳ್ಳಿಯವರಿಗೂ ಇಂಥದೇ ಕಲಮು ಇದೆ, ಅರ್ಜಿ ಪಂಚಾಯಿತಿಗೆ. ಒಬ್ಬೊಬ್ಬರೇ ಹೋಗಬೇಡಿ, ಹತ್ತು ಮಂದಿ ಒಟ್ಟಿಗೆ ಹೋಗಿ. ಕಕ್ಕಸಿನ ಫೋಟೋ, ದಿನಾಂಕ, ಬೀದಿಯ ಹೆಸರು ಲಗತ್ತಿಸಿ. ಎರಡು ಪ್ರತಿ ತೊಗೊಂಡು ಹೋಗಿ, ಒಂದರ ಮೇಲೆ ಕಚೇರಿಯ ಮೊಹರು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. ಮೊಹರಿನವನು ಊಟಕ್ಕೆ ಹೋಗಿದ್ದಾನೆ ಅಂತಾರೆ. ಕಾಯಿರಿ.